ಗೆಳೆಯರ ಮುಂದೆ ಓದಿದ ಚಿತ್ರಕಥೆ

ಬರೆದುದನ್ನು ಅಚ್ಚಿಗೆ ಕೊಡುವ ಮೊದಲು ನಾಲ್ವರು ಸ್ನೇಹಿತರ ಮುಂದೆ ಓದುವ ಪದ್ಧತಿ ನಮ್ಮ ನಾಡಿನಲ್ಲಿ ಹೊಸದಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪಿ’ನ ಹೆಸರನ್ನು ಕೇಳದ ವಾಚಕರು ವಿರಳ. ಆ ತರುಣರಲ್ಲಿ ನಮ್ಮ ಸವಣೂರಿನ ವಿ. ಕೃ. ಗೋಕಾಕರೂ ಒಬ್ಬರಾಗಿದ್ದರು. ಮುಂದೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿಯೂ ಇಂತಹುದೇ ಸಂಪ್ರದಾಯ ಬೆಳೆಯಿತು. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲವೆಂದು ಕೀರ್ತಿನಾಥ ಕುರ್ತಕೋಟಿಯವರು ತೋಡಿಕೊಂಡ ಕೊರಗು ಗಿರೀಶ ಕಾರ್ನಾಡರ ಮನಸ್ಸಿಗೆ ನಾಟಿ, 1964ರಲ್ಲಿ ‘ತುಘಲಕ್’ ನಾಟಕವಾಗಿ ಹೊರಬಂದಿತು. ಇವೆಲ್ಲ ದೊಡ್ಡವರ ಸಂಗತಿ. ನಾನು ಹೇಳಹೊರಟುದು ಚಿಕ್ಕವರ ಸಂಗತಿ.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ರೈಲುಹಾದಿಯ ಮೇಲಿನ ಊರುಗಳು. ಈ ಮೂರು ಊರುಗಳಲ್ಲಿರುವ ಬರೆಯುವ ಹವ್ಯಾಸದ ನಾವು ಆರೇಳು ಜನರು ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದುಂಟು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯನು ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣ. ಹಗಲೆಲ್ಲ ಹತ್ತಿ, ಗೋವಿನಜೋಳದ ಬೀಜದ ಚೀಲಗಳ ನಡುವೆ ಕುಳಿತು, ರಾತ್ರಿಯ ಹೊತ್ತು ಆತನು ತೊಂಬತ್ತಾರು ಪುಟದ ಒಂದು ಚಿತ್ರಕಥೆಯನ್ನು ಬರೆದಿದ್ದನು. ವಸ್ತುವೋ, ನಮ್ಮ ಮನೆಯಂಗಳದ್ದೇ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಯವರೆಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟ ಮೈಲಾರ ಮಹಾದೇವಪ್ಪನವರ ಕಥೆ. ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಹೋದಾಗ ನಡೆದ ಆ ಗೋಲೀಬಾರಿನಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಮಡಿದರು.

ಚಿತ್ರಕಥೆಯನ್ನು ಗಟ್ಟಿಯಾಗಿ ಓದುವುದು ವಿಚಿತ್ರವಾದ ಕೆಲಸ. ಕಥೆಯಾದರೆ ಓದಿದಂತೆ ಕೇಳಬಹುದು. ನಾಟಕವಾದರೆ ಮಾತುಗಳೇ ಅದನ್ನು ಹೊತ್ತು ನಡೆಯುತ್ತವೆ. ಚಿತ್ರಕಥೆಯಾದರೋ ಇನ್ನೂ ಕಟ್ಟದ ಮನೆಯ ನಕಾಶೆ. ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಬಿಟ್ಟು ಬೇರೆ ಯಾವುದನ್ನೂ ಅದರಲ್ಲಿ ಬರೆಯಲಾಗದು. ‘ಅವನಿಗೆ ತಾಯಿಯ ನೆನಪಾಯಿತು’ ಎಂದು ಬರೆದರೆ ಕ್ಯಾಮರಾದವನು ಏನನ್ನು ಹಿಡಿಯಬೇಕು? ಕೇಳುವವರು ಮನಸ್ಸಿನಲ್ಲಿಯೇ ಪರದೆಯನ್ನು ಕಟ್ಟಿಕೊಳ್ಳಬೇಕು, ಎಲ್ಲರಿಗೂ ಅದು ಸಾಧ್ಯವಲ್ಲ.

ಮೊದಲನೆಯ ಓದು ರಾಣೇಬೆನ್ನೂರಿನಲ್ಲಿ ನಡೆಯಿತು. ‘ಭಾಳ ಛಲೋ ಆಗೇತಿ’ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತಹ ಹೊಗಳಿಕೆ ಅದು. ಬಣ್ಣವೇ ಹೆಚ್ಚು, ಖಾರ ಕಡಿಮೆ. ಹುಡುಗನ ಮುಖ ಅರಳಿತು. ನಾನು ಮಾತ್ರ ನನ್ನ ಹಾಳೆಯ ಅಂಚಿನಲ್ಲಿ ಒಂದು ಗುರುತನ್ನು ಹಾಕಿಕೊಂಡೆನು. ಎಂಬತ್ತೆಂಟನೆಯ ಪುಟದಲ್ಲಿ, ಹೊಸರಿತ್ತಿಯಲ್ಲಿ ಗುಂಡು ಹಾರುವ ಹೊತ್ತಿಗೆ ಸರಿಯಾಗಿ, ಒಬ್ಬರು ಚಹದ ವ್ಯವಸ್ಥೆ ನೋಡಲು ಎದ್ದು ಹೋಗಿದ್ದರು.

ಎರಡನೆಯ ಓದು ಹಾವೇರಿಯಲ್ಲಿ. ಅಲ್ಲಿಯ ಹಿರಿಯರೊಬ್ಬರು ಜಾತ್ರೆಯ ನಾಟಕಗಳನ್ನು ಬರೆದು, ಹಳ್ಳಿಹಳ್ಳಿಗಳಲ್ಲಿ ತಾಲೀಮು ನಡೆಸಿ ಕೈ ಪಳಗಿದವರು. ಅವರು ಮೊದಲು ವಯಸ್ಸಿನ ವಿಚಾರವನ್ನು ತೆಗೆದರು. ‘ದಾಂಡಿಗೆ ಹೊಂಟಾಗ ಆತಗ ಹತ್ತೊಂಬತ್ತೂ ತುಂಬಿರಲಿಲ್ಲೋ ತಮ್ಮಾ, ನೀ ದೊಡ್ಡ ಮುಂದಾಳಿನ ಮಾತು ಆಡಸ್ತಿ. ಹುಡುಗನ್ನ ಹುಡುಗನಾಗೇ ನಡಸು.’ ಇದು ಸರಿಯಾದ ಮಾತು. ಒಡನೆಯೇ ಅವನು ಬರೆದುಕೊಂಡನು. ಬಳಿಕ ಹಿರಿಯರು ಎಂಬತ್ತೆಂಟನೆಯ ಪುಟಕ್ಕೆ ಬಂದರು. ‘ಗುಂಡು ಬಿದ್ದ ಮ್ಯಾಲೆ ಎರಡು ಪುಟ ಮಾತು ಬೇಕು. ಮಂದಿ ಎದ್ದು ನಿಲ್ಲಬೇಕು!’ ಹುಡುಗನು ತಲೆಯಲ್ಲಾಡಿಸಲಿಲ್ಲ. ನನ್ನ ಅಭಿಪ್ರಾಯವೂ ಅವನ ಕಡೆಗೇ ಇದ್ದಿತು. ರಂಗದ ಮೇಲೆ ಸಾಯುವವನು ಕಟ್ಟಕಡೆಯ ಸಾಲಿನವರಿಗೂ ಕೇಳುವಂತೆ ಸಾಯಬೇಕು. ಚಿತ್ರದಲ್ಲಿ ಒಂದು ರೆಪ್ಪೆ ಅಲುಗಿದರೆ ಪರದೆಯೆಲ್ಲ ತುಂಬುವುದು. ಆದರೂ ಇನ್ನೊಂದು ಗುರುತನ್ನು ಹಾಕಿಕೊಂಡೆನು.

ಮೂರನೆಯ ಓದು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಸುಗ್ಗಿ. ಪೇಟೆಯಲ್ಲಿ ಚೀಲಗಳ ರಾಶಿ. ಬೀದಿಯ ಗಾಳಿಗೇ ಘಾಟು ಬಡಿದಿದ್ದಿತು. ಪರಊರಿನಿಂದ ಬಂದವರು ಕೆಮ್ಮುತ್ತಲೇ ಕುಳಿತರು. ಊರಿನವರಿಗೆ ಅದರ ಪರಿವೆಯೇ ಇಲ್ಲ. ಅಂದು ನಾವು ಸೇರಿದುದು, ಶಾಲೆಯಿಂದ ನಿವೃತ್ತರಾಗಿ ಮಕ್ಕಳ ಕಥೆಗಳನ್ನು ಬರೆಯುವ ಅಕ್ಕೋರ ಮನೆಯಲ್ಲಿ. ಓದು ಮುಗಿದ ಮೇಲೆ ಅವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

‘ಆಕಿ ಎಲ್ಲಿ ಹೋದಳಪಾ?’ ಎಂದು ಕೇಳಿದರು.

‘ಯಾರ್ರೀ ಅಕ್ಕೋರ?’

‘ಸಿದ್ಧಮ್ಮ. ಮೊದಲ ನಾಲ್ಕು ಪುಟದಾಗ ಕಾಲಿಗೆ ನೀರು ಕೊಟ್ಟಳು. ಕಡೀ ಪುಟದಾಗ ಅತ್ತಳು. ನಡುವ ಎಲ್ಲಿದ್ದಳು?’

ಮಹಾದೇವಪ್ಪನವರ ಪತ್ನಿ ಸಿದ್ಧಮ್ಮನವರು ಮನೆಯಲ್ಲಿ ಕುಳಿತು ಕಾಯುತ್ತಿದ್ದವರಲ್ಲ. ತಾವೂ ಚಳವಳಿಗೆ ಇಳಿದು ಸೆರೆಮನೆಯನ್ನು ಕಂಡವರು. ಹುಡುಗನಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ‘ಇದು ಅವರ ಕಥಿ ಅಲ್ಲರೀ’ ಎಂದು ಮೆಲ್ಲಗೆ ಹೇಳಿ, ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, ಊಟಕ್ಕೂ ನಿಲ್ಲದೆ ರೈಲಿಗೆ ಹೊರಟುಹೋದನು. ಮುಂದಿನ ತಿಂಗಳು ಆತನು ಬರಲಿಲ್ಲ. ದೂರವಾಣಿಯಲ್ಲಿ ಮಾತನಾಡಿಸಿದರೆ, ಅಂಗಡಿಯಲ್ಲಿ ಲೆಕ್ಕದ ಕೆಲಸ ಹೆಚ್ಚಿದೆಯೆಂದನು. ಅದರ ಮರುತಿಂಗಳೂ ಇಲ್ಲ. ಅಕ್ಕೋರಿಗೆ ನಿದ್ದೆಯಿಲ್ಲ. ‘ನನ್ನ ನಾಲಿಗಿ ಸುಡಲಿ, ಹುಡುಗ ಬರೆಯೋದ ಬಿಟ್ಟನೇನೋ’ ಎಂದು ಎರಡು ಸಲ ನನ್ನಲ್ಲಿ ಅಂದರು. ಒಂದು ಪ್ರಶ್ನೆಯಿಂದ ಬರಹಗಾರನೊಬ್ಬನು ಮುರಿದುಹೋಗುವನೆಂದು ನಾನು ನಂಬುವವನಲ್ಲ. ಆದರೂ, ಎರಡು ವರ್ಷ ರಾತ್ರಿ ನಿದ್ದೆಗೆಟ್ಟವನ ಮುಂದೆ ಇಂಥ ಮಾತು ಹೇಳುವುದು ಸುಲಭವಲ್ಲ.

ಕೊನೆಗೆ ನಾನೇ ರಾಣೇಬೆನ್ನೂರಿಗೆ ಹೋದೆನು. ಉಪದೇಶವನ್ನೇನೂ ಮಾಡಲಿಲ್ಲ. ಗುರುತು ಹಾಕಿದ ಹಾಳೆಯನ್ನು ಅವನ ಮುಂದಿಟ್ಟೆನು. ಮೂರೂ ಊರುಗಳಲ್ಲಿ ಕೇಳುಗರು ಕದಲಿದುದು ಆ ಒಂದೇ ಜಾಗದಲ್ಲಿ. ಒಬ್ಬರು ಚಹಕ್ಕೆಂದು ಎದ್ದರು. ಒಬ್ಬರು ಎರಡು ಪುಟದ ಮಾತನ್ನು ಬೇಡಿದರು. ಅಕ್ಕೋರು ಸಿದ್ಧಮ್ಮನನ್ನು ಕೇಳಿದರು. ಬೇನೆ ಒಂದೇ, ಹೇಳಿದ ಮದ್ದು ಮಾತ್ರ ಬೇರೆ ಬೇರೆ. ಹುಡುಗನು ಬಹಳ ಹೊತ್ತು ಆ ಗುರುತುಗಳನ್ನು ನೋಡಿದನು. ‘ಗುಂಡು ಬಿದ್ದಾಗ ಯಾರಿಗೆ ಏನು ಹೋಯ್ತು ಅನ್ನೋದು ಕೇಳೋರಿಗೆ ಗೊತ್ತಾಗಂಗಿಲ್ಲ, ಅಲ್ಲೇನ್ರಿ?’ ಎಂದನು. ನಾನು ಮರುಮಾತಾಡಲಿಲ್ಲ, ಅಷ್ಟರಲ್ಲಿ ಒಬ್ಬ ರೈತನು ಬೀಜದ ದರ ಕೇಳುತ್ತ ಒಳಗೆ ಬಂದನು.

ಐದು ವಾರಗಳಾದ ಮೇಲೆ ಹಾವೇರಿಯಲ್ಲಿ ಮರಳಿ ಓದಿದನು. ಎಂಬತ್ತೆಂಟನೆಯ ಪುಟದಲ್ಲಿ ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ನಡುವೆ ಮೂರು ಹೊಸ ದೃಶ್ಯಗಳು ಬಂದಿದ್ದವು. ಒಂದರಲ್ಲಿ ಗಂಡಹೆಂಡಿರಿಬ್ಬರೂ ನೂಲುತ್ತ ಕುಳಿತಿದ್ದಾರೆ. ಮಾತಿಲ್ಲ, ರಾಟಿಯ ಸದ್ದಷ್ಟೇ. ಇನ್ನೊಂದರಲ್ಲಿ ಸೆರೆಮನೆಯಿಂದ ಬಂದವಳನ್ನು ಅವನು ಕಾಯುತ್ತ ನಿಂತಿದ್ದಾನೆ. ಮೂರನೆಯದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗುಂಡಿನ ಪುಟ ಬಂದಾಗ ನಾಟಕದ ಹಿರಿಯರು ಕನ್ನಡಕವನ್ನು ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಎರಡು ಪುಟದ ಮಾತನ್ನು ಕೇಳಲೇ ಇಲ್ಲ.

ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಛಲೋ ಆತು’ ಎಂದರು. ಬಳಿಕ, ಅಂಜುತ್ತಂಜುತ್ತಲೇ, ‘ಒಂದು ಕೇಳಲ್ಯಾ ತಮ್ಮಾ? ತಿರಕಪ್ಪನ ಮನ್ಯಾಗ, ವೀರಯ್ಯನ ಮನ್ಯಾಗ ಯಾರ್ಯಾರಿದ್ದರು?’ ಎಂದರು.

ಹುಡುಗನು ಈ ಸಲ ಹಾಳೆಗಳನ್ನು ಚೀಲದಲ್ಲಿಡಲಿಲ್ಲ. ಬರುವ ಆದಿತ್ಯವಾರ ಹೊಸರಿತ್ತಿಗೆ ಹೋಗಿ ಹಿರಿಯರನ್ನು ವಿಚಾರಿಸಿ ಬರುವುದೆಂದು ಗೊತ್ತಾಗಿದೆ. ಬುತ್ತಿ ಅಕ್ಕೋರದು, ಜೊತೆಗೆ ನಾನೂ ಹೊರಟಿದ್ದೇನೆ.