ಕೋರ್ಟಿನ ಹೊರಗೆ ನಿಂತವರು

ಹೆಬ್ಬಾಳದ ಫ್ಲೈಓವರ್ ಇಳಿದು, ಯಲಹಂಕ ದಾಟಿ, ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಸಾಗಿ. ಸಾದಹಳ್ಳಿಯ ಹತ್ತಿರ ಹೆದ್ದಾರಿ ಬಿಟ್ಟರೆ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ. ಬ್ಯಾಡ್ಮಿಂಟನ್ ಅಂಗಳದ ಒಳಗೆ ಕಾಲಿಟ್ಟ ಕೂಡಲೇ ಸೆಕೆ ಮುಖಕ್ಕೆ ರಾಚುತ್ತದೆ. ಇಲ್ಲಿ ಗಾಳಿ ಸುಳಿಯುವಂತಿಲ್ಲ. ಸುಳಿದರೆ 16 ಗರಿಗಳ ಶಟಲ್ ದಾರಿ ತಪ್ಪುತ್ತದೆ.

ಸಾಲು ಸಾಲು ಕೋರ್ಟು. ಶೂಗಳ ಕಿರ್ರೆನ್ನುವ ಸದ್ದು. ನಿಮ್ಮೆದುರಿನ ಕೋರ್ಟಿನಲ್ಲಿ ಕೋಚ್ ಎಡತೋಳಿನ ಮೇಲೆ ಶಟಲ್‌ಗಳನ್ನು ಸಾಲಾಗಿ ಪೇರಿಸಿಕೊಂಡು ನಿಂತಿದ್ದಾರೆ. ಒಂದು ನೆಟ್ಟಿನ ಹತ್ತಿರ, ಮರುಕ್ಷಣ ಇನ್ನೊಂದು ಹಿಂದಿನ ಮೂಲೆಗೆ. ಹುಡುಗಿ ಓಡುತ್ತಾಳೆ, ಹೊಡೆಯುತ್ತಾಳೆ, ಬಾಗುತ್ತಾಳೆ. "ಸೆಂಟರ್‌ಗೆ ಬಾ! ಕಾಲು, ಕಾಲು!" ಹೊಡೆತ ಚೆನ್ನಾಗಿತ್ತೋ ಇಲ್ಲವೋ ಅವರು ಹೇಳುವುದಿಲ್ಲ. ಅವಳು ಮಧ್ಯಕ್ಕೆ ಮರಳಿದಳೇ ಎಂಬುದಷ್ಟನ್ನೇ ನೋಡುತ್ತಾರೆ.

ಈ ಶಿಸ್ತಿನ ಹಿಂದೆ ಯು. ವಿಮಲ್ ಕುಮಾರ್ ಅವರ ಬದುಕಿದೆ. ತಿರುವನಂತಪುರದಲ್ಲಿ ಹುಟ್ಟಿದ ಅವರು ಆಡಿದ್ದು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ. ಬ್ಯಾಡ್ಮಿಂಟನ್‌ಗೆ ಮೊದಲ ಬಾರಿ ಪದಕ ಕೊಟ್ಟ ಒಲಿಂಪಿಕ್ಸ್ ಅದು. ಎರಡೇ ವರ್ಷದಲ್ಲಿ, 1994ರಲ್ಲಿ, ಪ್ರಕಾಶ್ ಪಡುಕೋಣೆ ಮತ್ತು ವಿವೇಕ್ ಕುಮಾರ್ ಅವರೊಂದಿಗೆ ಬೆಂಗಳೂರಿನಲ್ಲಿ, ಈಗ ಇದೇ ಅಂಗಳದಲ್ಲಿರುವ ಅಕಾಡೆಮಿ ಕಟ್ಟಿದರು. ಅಂದಿನಿಂದ ಊರು ಬಿಟ್ಟು ಬಂದ ಎಷ್ಟೋ ಮಕ್ಕಳಿಗೆ ಅದೇ ಮನೆಯಾಯಿತು.

2014ರಲ್ಲಿ ಸೋಲಿನಿಂದ ಬೇಸತ್ತ ಸೈನಾ ನೆಹ್ವಾಲ್ ಹೈದರಾಬಾದ್ ಬಿಟ್ಟು ವಿಮಲ್ ಅವರ ಬಳಿ ಬಂದರು. ಆ ನವೆಂಬರ್‌ನಲ್ಲೇ ಚೀನಾ ಓಪನ್ ಗೆದ್ದರು; 2015ರಲ್ಲಿ ವಿಶ್ವದ ನಂಬರ್ 1 ಪಟ್ಟಕ್ಕೇರಿದ ಭಾರತದ ಮೊದಲ ಆಟಗಾರ್ತಿಯಾದರು. 2017ರಲ್ಲಿ ಹೈದರಾಬಾದಿನ ಹಳೆಯ ಗುರುವಿನ ಬಳಿಗೇ ಮರಳಿದರು. ಕೋಚ್ ಆದವರಿಗೆ ಇದು ಹೊಸದಲ್ಲ. ಶಿಷ್ಯರು ಬರುತ್ತಾರೆ, ಹೋಗುತ್ತಾರೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬೇರೆ ಮಕ್ಕಳು ಕಾಯುತ್ತಿರುತ್ತಾರೆ.

ಈಗ ಬ್ಯಾಂಕಾಕ್‌ಗೆ ಬನ್ನಿ. 2022, ಮೇ 15. ಪುರುಷರ ತಂಡಗಳ ಥಾಮಸ್ ಕಪ್ ಫೈನಲ್. ಎದುರಿಗೆ 14 ಬಾರಿ ಕಪ್ ಗೆದ್ದ ಇಂಡೋನೇಷ್ಯಾ. ಭಾರತ ತಂಡದ ಜೊತೆ ವಿಮಲ್ ಇದ್ದಾರೆ. ಮೊದಲು ಕಣಕ್ಕಿಳಿದವನು ಅಲ್ಮೋರಾದಿಂದ ಚಿಕ್ಕಂದಿನಲ್ಲೇ ಬೆಂಗಳೂರಿಗೆ ಬಂದು ಇದೇ ಅಕಾಡೆಮಿಯಲ್ಲಿ ಬೆಳೆದ 20ರ ಲಕ್ಷ್ಯ ಸೇನ್. ಮೊದಲ ಗೇಮ್ ಆಂಥೋನಿ ಗಿಂಟಿಂಗ್ ಪಾಲು: 8–21. ಎರಡು ಗೇಮ್‌ಗಳ ನಡುವಿನ ಬಿಡುವು 2 ನಿಮಿಷ. ಅಷ್ಟರಲ್ಲಿ ಯಾವ ಗುರುವೂ ಹೊಸ ಹೊಡೆತ ಕಲಿಸಲಾರ. ಕಲಿತದ್ದನ್ನು ನೆನಪಿಸಬಲ್ಲ, ಅಷ್ಟೆ. ಲಕ್ಷ್ಯ ಮತ್ತೆ ಇಳಿಯುತ್ತಾನೆ. 21–17. 21–16! ಮುಂದೆ ಸಾತ್ವಿಕ್–ಚಿರಾಗ್ ಜೋಡಿ ಗೆಲ್ಲುತ್ತದೆ, ಶ್ರೀಕಾಂತ್ ಗೆಲ್ಲುತ್ತಾರೆ. 3–0. ಭಾರತಕ್ಕೆ ಮೊಟ್ಟಮೊದಲ ಥಾಮಸ್ ಕಪ್.

ವಿಮಲ್ ಅವರಿಗೆ 2019ರಲ್ಲೇ ದ್ರೋಣಾಚಾರ್ಯ ಪ್ರಶಸ್ತಿ ಬಂದಿತ್ತು. ಅಕಾಡೆಮಿ ಶುರುವಾಗಿ ಆಗಲೇ 25 ವರ್ಷ. ಮಗುವನ್ನು ಸೇರಿಸಿದ ಆರೇ ತಿಂಗಳಿಗೆ ಪದಕ ಕೇಳುವ ಅಪ್ಪ–ಅಮ್ಮಂದಿರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಳ್ಳೆಯ ಕೋಚ್‌ಗೆ ನಾವು ಕೊಡಬಹುದಾದ ದೊಡ್ಡ ಗೌರವ ಎಂದರೆ ಸಮಯ.