ಎಚ್ಚರದ ಗುಳಿಗೆ

ನನಗೆ ರಾತ್ರಿ ಹತ್ತು ಗಂಟೆಗೆ ನಿದ್ದೆ ಬರುತ್ತದೆ. ಇದೊಂದು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ಮೇಲೂ ನನ್ನ ಕೈಬಿಡದ ಕೆಲವೇ ಸ್ನೇಹಿತರಲ್ಲಿ ನಿದ್ದೆಯೂ ಒಂದು, ಅಷ್ಟೆ. ಆ ಸ್ನೇಹಿತನಿಗೆ ನಾನು ಒಮ್ಮೆ ದ್ರೋಹ ಮಾಡಿದೆ.

ಕಳೆದ ಸೆಮಿಸ್ಟರಿನ ಕೊನೆ. ಆಂತರಿಕ ಪರೀಕ್ಷೆಯ 130 ಉತ್ತರಪತ್ರಿಕೆಗಳು ಮೇಜಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದವು. ಮೂರು ದಿನದೊಳಗೆ ಅಂಕಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಸುತ್ತೋಲೆ ಬಂದಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಆ ಸಂಜೆ ಮನೆಗೆ ಬಂದಿದ್ದ. ನಾನು ಮೂರನೆಯ ಲೋಟ ಕಾಫಿಗೆ ಕೈಹಾಕಿದ್ದನ್ನು ಕಂಡು ನಕ್ಕ.

“ಇನ್ನೂ ಕಾಫೀನೇ ಮಾವ? ಇದೊಂದು ತೊಗೊಳ್ಳಿ. ಬೆಳಗಾಗೋದರೊಳಗೆ ಎಲ್ಲಾ ಮುಗಿಸಿಬಿಡ್ತೀರಿ.”

“ಏನೋ ಇದು?”

“ಮೊಡಾಫಿನಿಲ್. ನಮ್ಮ ಟೀಮಿನಲ್ಲಿ ಎಷ್ಟೋ ಜನ ತೊಗೋತಾರೆ.”

“ಡಾಕ್ಟರು ಬರೆದುಕೊಟ್ಟಿದ್ದಾರೇನೋ?”

ಅವನು ಉತ್ತರ ಹೇಳದೆ ನೀರಿನ ಲೋಟ ತಂದಿಟ್ಟ.

ಅದು 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದ ಮದ್ದು. ಹಗಲಿನಲ್ಲೇ ತಡೆಯಲಾರದಂತೆ ನಿದ್ದೆ ಕವಿಯುವ ನಾರ್ಕೊಲೆಪ್ಸಿ ಎಂಬ ರೋಗದವರಿಗಾಗಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ನನಗೆ ಆ ರೋಗವಿರಲಿಲ್ಲ. ಆದರೆ ಮನಸ್ಸು ಸಮರ್ಥನೆಗೆ ನಿಂತರೆ ಅದಕ್ಕಿಂತ ದೊಡ್ಡ ವಕೀಲ ಯಾರಿದ್ದಾರೆ? ಪರೀಕ್ಷೆ ಬಂತೆಂದರೆ ಅಮ್ಮ ಒಂದೆಲಗದ ತಂಬುಳಿ ಮಾಡಿ ಬಡಿಸುತ್ತಿದ್ದಳು, ನೆನಪಿನ ಶಕ್ತಿಗೆಂದು. ಮಗುವಿನ ನಾಲಿಗೆಗೆ ಬಜೆ ತೇದು ನೆಕ್ಕಿಸಿದವರು ನಾವು. ಬಾಬಾಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿಯಿದೆ. ಅಂದಿನಿಂದ ಇಂದಿನವರೆಗೆ ನಾವು ಲೋಟದಲ್ಲಿ ಕುಡಿಯುತ್ತಿರುವುದು ಎಚ್ಚರವನ್ನಲ್ಲದೆ ಇನ್ನೇನನ್ನು? ಲೋಟದಲ್ಲಿದ್ದರೆ ಸಂಪ್ರದಾಯ, ಗುಳಿಗೆಯಲ್ಲಿದ್ದರೆ ಅಪರಾಧವೆ? ಹೀಗೆ ವಾದಿಸಿ, ಗೆದ್ದು, ನುಂಗಿದೆ.

ಸುಳ್ಳು ಹೇಳಲಾರೆ, ಆ ರಾತ್ರಿ ನಾನು ಯಂತ್ರದಂತೆ ಕೆಲಸ ಮಾಡಿದೆ. ಆಕಳಿಕೆ ಬರಲಿಲ್ಲ. ಕಾಗುಣಿತದ ಒಂದು ತಪ್ಪೂ ನನ್ನ ಕೆಂಪು ಮಸಿಯಿಂದ ಪಾರಾಗಲಿಲ್ಲ. ಹಾಲಿನವನು ಬರುವ ಹೊತ್ತಿಗೆ 130ನೆಯ ಪತ್ರಿಕೆ ಮುಗಿದಿತ್ತು.

ಹತ್ತು ಗಂಟೆಗೆ ಕಾಲೇಜಿಗೆ ಹೋಗಿ ಅಂಕಪಟ್ಟಿ ಒಪ್ಪಿಸಿದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಇತಿಹಾಸ ವಿಭಾಗದ ಮೇಡಂ ನಿಂತಿದ್ದರು. ಮನೆಯಲ್ಲಿ ಏಳು ತಿಂಗಳ ಕೂಸು, ಅದಕ್ಕೆ ಜ್ವರ. ಇನ್ನೆರಡು ದಿನ ಅವಕಾಶ ಬೇಕೆಂದು ಕೇಳುತ್ತಿದ್ದರು. ಪ್ರಿನ್ಸಿಪಾಲರು ನನ್ನ ಪಟ್ಟಿಯನ್ನು ಎತ್ತಿ ತೋರಿಸಿದರು: “ನೋಡಿ ಮೇಡಂ, ಇವರದ್ದು ನಿಮ್ಮಷ್ಟೇ ಪತ್ರಿಕೆ. ಒಂದೇ ರಾತ್ರಿಯಲ್ಲಿ ಮುಗಿಸಿದ್ದಾರೆ. ಮನಸ್ಸಿದ್ದರೆ ಯಾಕೆ ಆಗದು?”

ಆಕೆ ನನ್ನ ಕಡೆ ನೋಡಿದರು. ನಾನು ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದೆ. “ಸಾರ್, ನಾನು ಗುಳಿಗೆ ನುಂಗಿದ್ದೆ” ಎನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷದ ಧೈರ್ಯ ಕೊಡುವ ಗುಳಿಗೆಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ಓಟದ ಮೈದಾನದಲ್ಲಿ ಇದಕ್ಕೊಂದು ಕಟ್ಟಳೆಯಿದೆ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಕ್ರೀಡಾಕೂಟದಲ್ಲಿ ನೂರು ಮತ್ತು ಇನ್ನೂರು ಮೀಟರ್ ಎರಡನ್ನೂ ಗೆದ್ದ ಅಮೆರಿಕದ ಕೆಲ್ಲಿ ವೈಟ್ ಇದೇ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಕೊನೆಗೆ ಪದಕಗಳನ್ನು ಕಳೆದುಕೊಂಡಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯ 2011ರಲ್ಲಿ, ವೈದ್ಯರ ಅನುಮತಿಯಿಲ್ಲದೆ ಇಂಥ ಮದ್ದು ನುಂಗಿ ಓದಿನಲ್ಲಿ ಮುಂದೆ ಬರುವುದನ್ನೂ ಮೋಸದ ಪಟ್ಟಿಗೆ ಸೇರಿಸಿತು. ಕಛೇರಿಯಲ್ಲಿ ಮಾತ್ರ ತೀರ್ಪುಗಾರನಿಲ್ಲ. ಅಲ್ಲಿ ಗೆದ್ದವನಿಗೆ ಸಿಗುವ ಪದಕವೆಂದರೆ ಇನ್ನಷ್ಟು ಕೆಲಸ, ಸೋತವರಿಗೂ ಅದೇ.

1940ರಲ್ಲಿ ಜರ್ಮನಿಯ ಸೇನೆ ತನ್ನ ಸೈನಿಕರಿಗೆ ಪರ್ವಿಟಿನ್ ಎಂಬ ಗುಳಿಗೆಯನ್ನು ಹಂಚಿತು, ನಿದ್ದೆಯಿಲ್ಲದೆ ನಡೆಯಲೆಂದು. ನಮ್ಮಲ್ಲಿ ಯಾರೂ ಗುಳಿಗೆ ಹಂಚುವುದಿಲ್ಲ, ಗಡುವು ಹಂಚುತ್ತಾರೆ. ಗುಳಿಗೆಯನ್ನು ನಾವೇ ಹುಡುಕಿಕೊಳ್ಳುತ್ತೇವೆ, ಅದನ್ನು ನಮ್ಮ ಸ್ವಾತಂತ್ರ್ಯವೆಂದೂ ತಿಳಿಯುತ್ತೇವೆ. ಆದರೆ ಒಬ್ಬ ನುಂಗಿದ ಮೇಲೆ ಪಕ್ಕದವರಿಗೆ ನುಂಗದಿರುವ ಸ್ವಾತಂತ್ರ್ಯ ಎಷ್ಟು ಉಳಿಯಿತು? ಮೂರು ದಿನ ಸಾಲದು ಎಂದು ಎಲ್ಲರೂ ಸೇರಿ ಹೇಳಬಹುದಾಗಿದ್ದ ಮಾತನ್ನು ನಾನೊಬ್ಬನೇ ಒಂದು ರಾತ್ರಿಯಲ್ಲಿ ಸುಳ್ಳು ಮಾಡಿಬಿಟ್ಟಿದ್ದೆ.

ಇಷ್ಟಾಗಿ ಕೆಲಸವಾದರೂ ಚೆನ್ನಾಗಿತ್ತೆ? ಪತ್ರಿಕೆಗಳನ್ನು ಹಿಂದಿರುಗಿಸುವ ಮೊದಲು ಒಮ್ಮೆ ತಿರುವಿಹಾಕಿದೆ. ಕರ್ಣನ ಪಾತ್ರವನ್ನು ಕುರಿತ ಪ್ರಶ್ನೆಗೆ ಒಬ್ಬ ಹುಡುಗಿ ಬರೆದಿದ್ದಳು: ಚಿಕ್ಕಮ್ಮನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಹೆತ್ತವಳು ನೋಡಲು ಬಂದಳೆಂದರೆ ಏನನ್ನೋ ಕೇಳಲು ಬಂದಿರುತ್ತಾಳೆ ಎಂದು. ಅದರ ಕೆಳಗೆ ನನ್ನದೇ ಕೆಂಪು ಅಕ್ಷರ: “ಪ್ರಶ್ನೆಗೆ ಸಂಬಂಧವಿಲ್ಲ.” 10ಕ್ಕೆ 3. ಇದಕ್ಕೆ ಗುಳಿಗೆಯನ್ನೇ ದೂರುವುದು ನ್ಯಾಯವಲ್ಲ. ಆದರೆ ಎಂದಿನಂತೆ ಹತ್ತಕ್ಕೆ ನಿದ್ದೆ ಬಂದಿದ್ದರೆ ಆ ಪತ್ರಿಕೆ ಬೆಳಗಿಗೆ ಉಳಿಯುತ್ತಿತ್ತು. ಬೆಳಗಿನ ನಾನು ಆ ಸಾಲಿನ ಬಳಿ ನಿಲ್ಲುತ್ತಿದ್ದೆ.

2023ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಬಂತು. ಆರೋಗ್ಯವಂತರಾದ 40 ಮಂದಿಗೆ ಈ ಗುಳಿಗೆಯನ್ನೂ ಇಂಥವೇ ಇನ್ನೆರಡನ್ನೂ ಕೊಟ್ಟು, ಇಷ್ಟೇ ಭಾರ ಹಿಡಿಯುವ ಚೀಲದಲ್ಲಿ ಯಾವ ಯಾವ ಸಾಮಾನು ತುಂಬಿದರೆ ಬೆಲೆ ಹೆಚ್ಚೀತು ಎಂದು ಲೆಕ್ಕ ಹಾಕಿಸಿದರು. ಅವರು ಹೆಚ್ಚು ಹೊತ್ತು ದುಡಿದರು, ಸಾಮಾನನ್ನು ಹೆಚ್ಚು ಸಲ ಹಾಕಿ ತೆಗೆದರು. ಆದರೆ ಪ್ರಯತ್ನದ ಗುಣ ಇಳಿದಿತ್ತು. ಓದಿದಾಗ ನನ್ನ ಕೆಂಪು ಪೆನ್ನು ನೆನಪಾಯಿತು.

ಹುಡುಗಿಯ 3ನ್ನು 8 ಮಾಡಲು ಅರ್ಜಿ ಕೊಟ್ಟೆ. ತಿದ್ದುಪಡಿಗೆ ಕಾರಣ ಬರೆಯಬೇಕಿದ್ದ ಜಾಗದಲ್ಲಿ “ಕಣ್ತಪ್ಪು” ಎಂದು ಬರೆದೆ. ಆ ರಾತ್ರಿಯಿಡೀ ಕಣ್ಣು ಮುಚ್ಚಿರಲೇ ಇಲ್ಲ ಎಂಬುದು ಬೇರೆ ಮಾತು. ಅಂಕವೇನೋ ಸರಿಹೋಯಿತು. ಇತಿಹಾಸದ ಮೇಡಂ ಕಳೆದುಕೊಂಡ ಎರಡು ದಿನಕ್ಕೆ ಅರ್ಜಿಯ ನಮೂನೆ ನಮ್ಮ ಕಛೇರಿಯಲ್ಲಿಲ್ಲ. ಮುಂದಿನ ಸಲ ಸುತ್ತೋಲೆ ಬಂದಾಗ, ನನಗೂ ಎರಡು ದಿನ ಹೆಚ್ಚು ಬೇಕೆಂದು ಅವರಿಗಿಂತ ಮೊದಲು ನಾನೇ ಹೋಗಿ ಕೇಳಬೇಕೆಂದುಕೊಂಡಿದ್ದೇನೆ.