ಕಾಟುಮಾವಿನ ಗೊರಟು

ಕಳೆದ ಬೇಸಗೆಯಲ್ಲಿ ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ನೆರೆಮನೆಯ ಗಾಜಿನ ತೊಟ್ಟಿಯಲ್ಲಿ ಒಂದು ಪ್ರಾಣಿಯನ್ನು ಕಂಡೆ. ಬಿಳಿ ಮೈ, ಕತ್ತಿನ ಎರಡೂ ಬದಿಗೆ ಗರಿಯಂಥ ಕಿವಿರು, ನಗುತ್ತಿರುವಂಥ ಬಾಯಿ. ನೋಟಕ್ಕೆ ಹಲ್ಲಿ, ಆದರೆ ಕಪ್ಪೆಯ ಹಾಗೆ ಉಭಯಚರ. ಆಕ್ಸೊಲೋಟ್ಲ್ ಎಂಬ ಸಾಲಮಾಂಡರ್.

"ಇದು ಅಳಿದುಹೋಗುತ್ತಿದೆಯಂತೆ ಅಜ್ಜ. ಮತ್ತೆ ದುಡ್ಡು ಕೊಟ್ಟರೆ ಸಿಗುತ್ತದಲ್ಲ?" ಎಂದಳು ಮೊಮ್ಮಗಳು.

ಅದರ ಊರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. 1998ರ ಗಣತಿಯಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು; 2014ರಲ್ಲಿ 36. ನೀರು ಕೆಟ್ಟಿತು, ಜನ ತಂದುಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು ಮರಿಗಳನ್ನು ಬದುಕಗೊಡಲಿಲ್ಲ. ತೊಟ್ಟಿಗಳಲ್ಲಿರುವವು ಬಹುಪಾಲು 1864ರಲ್ಲಿ ಪ್ಯಾರಿಸಿಗೆ ಒಯ್ದ 34ರ ಸಂತತಿ. ಕಾಲುವೆಯದು ಬಿಳಿಯೂ ಅಲ್ಲ, ಕೆಸರಿನ ಕಪ್ಪು.

ಉತ್ತರವಾಗಿ ನಾನು ಅವಳಿಗೆ ಒಂದು ಕಾಡುದ್ರಾಕ್ಷಿಯ ಕಥೆ ಹೇಳಿದೆ. 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಬೇರು ಹೀರುವ ಫಿಲೊಕ್ಸೆರ ಹುಳು ಸಾಯಿಸತೊಡಗಿತು. ಉಳಿಸಿದ್ದು ಅಮೆರಿಕದ ಕಾಡುದ್ರಾಕ್ಷಿಗಳ ಬೇರು. ಅವುಗಳಲ್ಲೊಂದು ರುಪೆಸ್ಟ್ರಿಸ್, ಹೊಳೆಬದಿಯ ಕಲ್ಲುಗಳ ನಡುವೆ, ಬಳ್ಳಿಗಿಂತ ಹೆಚ್ಚಾಗಿ ಪೊದೆಯಂತೆ ಬೆಳೆಯುವಂಥದು. ನಾವು ಕಾಟುಮಾವಿನ ಗಿಡಕ್ಕೆ ಒಳ್ಳೆಯ ಮಾವಿನ ಕಸಿ ಕಟ್ಟುತ್ತೇವಲ್ಲ, ಹಾಗೆಯೇ ಅದರ ಬೇರಿಗೆ ಫ್ರಾನ್ಸಿನ ಕಡ್ಡಿ ಕಟ್ಟಿದರು. ಮಹಾರಾಷ್ಟ್ರದ ತೋಟಗಳಲ್ಲಿ ಈಗ ಬಳಸುವ '110 ಆರ್' ಬೇರುಗಿಡದಲ್ಲೂ ಅರ್ಧ ಅದರದೇ ರಕ್ತ. ಇತ್ತ ತನ್ನ ಹೊಳೆಗಳಲ್ಲಿ ಅದು ಅಪರೂಪವಾಗಿದೆ. ಅಣೆಕಟ್ಟು ಬಂತು, ದನ ಮೇದವು.

ಎರಡರಲ್ಲಿ ಯಾವುದರ ಪಾಡು ವಾಸಿ? ತೊಟ್ಟಿಯ ಜೀವಕ್ಕೆ ತನ್ನ ಮುಖವಾದರೂ ಇದೆ. ಅದರ ಚಿತ್ರ ಮೆಕ್ಸಿಕೊದ 50 ಪೆಸೊ ನೋಟಿನಲ್ಲೂ ಉಂಟು. ದ್ರಾಕ್ಷಿ ದುಡಿಯುವುದು ಮಣ್ಣಿನಡಿ, ಹಣ್ಣಿನ ಹೆಸರು ಇನ್ನೊಬ್ಬರದು. ಆದರೂ ನಾನು ದ್ರಾಕ್ಷಿಯ ಪಕ್ಷ. ಮುರಿದ ಕಡ್ಡಿ ಒದ್ದೆ ಮರಳಿಗೆ ಬಿದ್ದರೆ ತಾನೇ ಬೇರು ಬಿಟ್ಟೀತು. ತೊಟ್ಟಿಯ ನೀರನ್ನು ಯಾರಾದರೂ ಬದಲಿಸಲೇಬೇಕು.

ಮಾತು ಹೇಗೋ ನಾನು ಕಲಿಸಿದ ಕಾಸರಗೋಡಿನ ಕನ್ನಡ ಶಾಲೆಗೆ ಬಂತು. ಈ ವರ್ಷ ಒಂದನೇ ತರಗತಿಗೆ ಏಳೇ ಮಕ್ಕಳು. "ಕನ್ನಡಕ್ಕೇನಾಗಿದೆ ಅಪ್ಪ? ಇಲ್ಲಿ ಕೋಟಿಗಟ್ಟಲೆ ಜನ ಆಡುತ್ತಾರೆ" ಎಂದ ಮಗ. ಅವನು ಹೇಳಿದ್ದು ಸುಳ್ಳಲ್ಲ. ನಾನು ತೊಟ್ಟಿಯ ಕಡೆ ನೋಡಿದೆ.

ಆಗ ಮೊಮ್ಮಗಳು ಕೇಳಿದಳು: "ಅಜ್ಜ, ಕಾಟುಮಾವು ಅಂದರೆ ಯಾವ ಮಾವು?"

ಊರಿಗೆ ಮರಳಿದ ಮೇಲೆ ಬಾವಿಕಟ್ಟೆಯ ಬಳಿಯ ಮರದ ನಾಲ್ಕು ಗೊರಟುಗಳನ್ನು ಕಾಗದದಲ್ಲಿ ಸುತ್ತಿ ಅವಳಿಗೆ ಕಳಿಸಿದ್ದೇನೆ.